ವಿಳಾಸ ಅಳಿಸಿಹೋದ ಇಪ್ಪತ್ತೆರಡು ಡಬ್ಬಿಗಳು

"ಮೂವತ್ತು ವರ್ಷದಿಂದ ಊರವರ ಕಾಗದ ವಿಂಗಡಿಸಿದ್ದೀನಿ ಅತ್ತಿಗೆ. ಒಂದೇ ಒಂದು ಕಾಗದ ತಪ್ಪು ಮನೆಗೆ ಹೋಗಿಲ್ಲ. ಅಂಥವನಿಗೆ ಒಂದು ಅಡುಗೆಮನೆ ಯಾವ ಮಹಾ?"

ಹೀಗೆಂದು ಎದೆ ತಟ್ಟಿಕೊಂಡವನು ಟಪಾಲಪ್ಪ. ಅಂಚೆ ಕಚೇರಿಯಲ್ಲಿ ಟಪಾಲು ವಿಂಗಡಿಸುವ ಕೆಲಸ, ಅದಕ್ಕೇ ಆ ಹೆಸರಿಟ್ಟವರು ಬೀದಿಯವರು. ತಟ್ಟಿಕೊಂಡದ್ದು ಹೆಂಡತಿಯ ಅಕ್ಕನ ಎದುರು. ಮನೆಮಂದಿಗೆಲ್ಲ ಆಕೆ ದೊಡ್ಡಕ್ಕ. ಹೆಂಡತಿ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ತಂಗಿಯನ್ನು ಒಂದು ತಿಂಗಳು ತಮ್ಮ ಮನೆಗೆ ಕರೆದೊಯ್ಯುವುದೇ ಸರಿ ಎಂದು ದೊಡ್ಡಕ್ಕ ಪಟ್ಟು ಹಿಡಿದಿದ್ದರು. ಒಂದು ತಿಂಗಳು! ಮದುವೆಯಾದಾಗಿನಿಂದ ಹೆಂಡತಿಯನ್ನು ಬಿಟ್ಟು ಎರಡು ದಿನ ಇದ್ದವನಲ್ಲ ಟಪಾಲಪ್ಪ. ಅದಕ್ಕೇ ಅಡುಗೆ ತನ್ನದೆಂದು ಹೊರಟಿದ್ದ.

"ಆಗ್ಲಿ, ಭಾನುವಾರ ಮಧ್ಯಾಹ್ನ ಊಟಕ್ಕೆ ಬರ್ತೀನಿ" ಅಂದರು ದೊಡ್ಡಕ್ಕ. "ನೀವೇ ಮಾಡ್ಬೇಕು, ನೀವೇ ಬಡಿಸ್ಬೇಕು. ಬಾಯಿಗೆ ಇಡೋ ಹಾಗಿದ್ರೆ ಅವಳು ಇಲ್ಲೇ ಇರ್ಲಿ. ಇಲ್ಲಾಂದ್ರೆ ಅವಳ ಬಟ್ಟೆ ಬ್ಯಾಗಿಗೆ ತುಂಬಿ!"

ಅನ್ನ, ತರಕಾರಿ ಸೂಪು. ಅಷ್ಟೇ. ಹೆಂಡತಿ ಮಲಗಿದಲ್ಲಿಂದಲೇ ಒಂದೊಂದಾಗಿ ಹೇಳುವುದು, ಇವನು ಮಾಡುವುದು ಎಂದು ಮಾತಾಗಿತ್ತು. ಅವಳಿಗೆ ಕಣ್ಣು ಕಟ್ಟಿದರೂ ಯಾವ ಡಬ್ಬಿ ಎಲ್ಲಿದೆಯೆಂದು ಗೊತ್ತು. ಸುಮ್ಮನೆ ಹೇಳಿದಷ್ಟು ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ!

ಆದರೆ ಶನಿವಾರ ಹೆಂಡತಿ ನಿದ್ದೆಹೋದಾಗ ಟಪಾಲಪ್ಪನ ಕಣ್ಣು ಅಡುಗೆಮನೆಯ ಶೆಲ್ಫಿನ ಮೇಲೆ ಬಿತ್ತು. ಬಿಸ್ಕತ್ತಿನ ಡಬ್ಬಿ, ಹಾಲಿನ ಪುಡಿಯ ಡಬ್ಬಿ, ತುಕ್ಕು ಹಿಡಿದದ್ದು, ನೆಗ್ಗಿದ್ದು. ಒಂದರ ಮುಖ ಒಂದಕ್ಕಿಲ್ಲ. ಎದ್ದು ಬಂದ ಹೆಂಡತಿ ಈ ದರಿದ್ರವನ್ನೇ ನೋಡಬೇಕೇ? ಮೆಟ್ಟಿಲ ಕೆಳಗೆ ಬಾಗಿಲಿಗೆ ಹೊಡೆದು ಉಳಿದಿದ್ದ ಅರ್ಧ ಡಬ್ಬ ಕೆನೆಬಣ್ಣ ಇತ್ತು. ಹಳೆ ಬೆಡ್‌ಶೀಟ್ ಕತ್ತರಿಸಿದರೆ ಪರದೆ. ನಯಾಪೈಸೆ ಖರ್ಚಿಲ್ಲದ ಅರಮನೆ!

ಒಳಗಿನ ಸಾಮಾನಿಗೆ ಬಣ್ಣ ಸಿಡಿಯಬಾರದೆಂದು ಮುಚ್ಚಳ ಬಿಗಿಯಾಗಿ ಒತ್ತಿದ. ಇಪ್ಪತ್ತೆರಡು ಡಬ್ಬಿಗೂ ಅಡಿಯಿಂದ ಮುಡಿಯವರೆಗೆ ಎರಡೆರಡು ಸಲ ಬಳಿದ. ಒಣಗಿದ ಮೇಲೆ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ. ಕಿಟಕಿಗೆ ಬೆಡ್‌ಶೀಟಿನ ಪರದೆ ಕಟ್ಟಿದ. ಮರುದಿನ ಬೆಳಿಗ್ಗೆ ಎದ್ದವನೇ ಶೆಲ್ಫಿನ ಹಲಗೆಗಳಿಗೂ ಒಂದು ಕೈ ಬಣ್ಣ ಎಳೆದ. ದೂರ ನಿಂತು ನೋಡಿದರೆ ಕಣ್ಣಲ್ಲಿ ನೀರೇ ಬಂತು.

ಹೆಂಡತಿ ಒಂದೊಂದು ಡಬ್ಬಿಗೂ 'ಉಪ್ಪು', 'ಸಕ್ಕರೆ' ಎಂದು ಬರೆದು ಚೀಟಿ ಅಂಟಿಸಿದ್ದಳು. ಆ ಚೀಟಿಗಳೆಲ್ಲ ಈಗ ಕೆನೆಬಣ್ಣದ ಅಡಿಯಲ್ಲಿದ್ದವು. ಜೀವಮಾನವಿಡೀ ವಿಳಾಸ ಓದಿಯೇ ಹೊಟ್ಟೆ ಹೊರೆದ ಮಹಾನುಭಾವ ತನ್ನ ಕೈಯಾರೆ ಇಪ್ಪತ್ತೆರಡು ವಿಳಾಸ ಅಳಿಸಿಹಾಕಿದ್ದ! ಅದು ಅವನಿಗೆ ಹೊಳೆದದ್ದು ಭಾನುವಾರ ಹನ್ನೊಂದು ಗಂಟೆಗೆ, ಸೂಪು ಕುದಿಯುವಾಗ.

"ರೀ, ಉಪ್ಪು ಹಾಕಿ. ಮಧ್ಯದ ಸಾಲು, ಎಡಗಡೆಯಿಂದ ಮೂರನೇದು" ಎಂದು ಕೋಣೆಯಿಂದ ಹೆಂಡತಿ ಕೂಗಿದಳು.

ಮೂರನೆಯದೂ ಕೆನೆ, ನಾಲ್ಕನೆಯದೂ ಕೆನೆ. ಒಂದನ್ನು ಎತ್ತಿಕೊಂಡು ಮುಚ್ಚಳ ಎಳೆದ. ಜಪ್ಪಯ್ಯ ಅಂದರೂ ಬರಲಿಲ್ಲ. ಬಣ್ಣ ಒಣಗಿ ಡಬ್ಬಿ, ಮುಚ್ಚಳ ಎರಡೂ ಒಂದೇ ಜೀವವಾಗಿದ್ದವು. ಮೊಣಕಾಲ ಸಂದಿಯಲ್ಲಿಟ್ಟು ತಿರುಪಿದ. ಕೊನೆಗೆ ಸುತ್ತಿಗೆ, ಸ್ಕ್ರೂಡ್ರೈವರ್ ತಂದ.

"ಏನ್ರೀ ಅದು ಸದ್ದು?"

"ಕ್ಯಾರೆಟ್ ಹೆಚ್ತಿದ್ದೀನಿ ಕಣೇ!"

"ಕ್ಯಾರೆಟ್ಟೋ, ಮರದ ದಿಮ್ಮಿಯೋ? ಮತ್ತೆ ಈ ಬಣ್ಣದ ವಾಸನೆ ಎಲ್ಲಿಂದ?"

"ಪಕ್ಕದ ಮನೆಯವರು ಬಾಗಿಲಿಗೆ ಹೊಡೀತಿದಾರೆ!"

"ಭಾನುವಾರಾನೂನಾ?"

"ಅವರಿಗೆ ಪಾಪ, ರಜಾನೇ ಇಲ್ಲ!"

ಮೊದಲ ಡಬ್ಬಿಯಲ್ಲಿ ಟೀ ಪುಡಿ. ಎರಡನೆಯದರಲ್ಲಿ ಒಣದ್ರಾಕ್ಷಿ. ಮೂರನೆಯದು ಢಬ್ ಎಂದು ತೆರೆದುಕೊಂಡಿತು ನೋಡಿ, ಮೈದಾ! ಅರ್ಧ ಟಪಾಲಪ್ಪನ ತಲೆಗೆ, ಅರ್ಧ ಸೂಪಿಗೆ. ಸೂಪು ಗಟ್ಟಿಯಾಗತೊಡಗಿತು. ನಾಲ್ಕನೆಯದರಲ್ಲಿ ಬೆಳ್ಳಗೆ ಹರಳು ಹರಳಾಗಿ ಕಂಡಿತು. ಅಬ್ಬಾ, ಉಪ್ಪು ಸಿಕ್ಕಿತು! ಅಷ್ಟರಲ್ಲೇ ಬಾಗಿಲ ಗಂಟೆ ಸದ್ದಾಯಿತು. ಗಡಿಬಿಡಿಯಲ್ಲಿ ಎರಡು ಚಮಚ ಸುರಿದು ಬಾಗಿಲಿಗೆ ಓಡಿದ.

ದೊಡ್ಡಕ್ಕ ಬಂದು ಊಟದ ಮೇಜಿಗೆ ಕೂತರು. "ಅನ್ನ ಎಲ್ಲಿ?"

"ಅಕ್ಕಿ ಇನ್ನೂ ಡಬ್ಬಿಯಿಂದ ಹೊರಗೆ ಬಂದಿಲ್ಲ ಅತ್ತಿಗೆ. ಮೊದಲು ಸೂಪು ತಗೊಳ್ಳಿ."

ದೊಡ್ಡಕ್ಕ ಚಮಚ ಅದ್ದಿದರು. ಎತ್ತಿದರೆ ಬಟ್ಟಲೂ ಜೊತೆಗೇ ಎದ್ದಿತು. ಹೇಗೋ ಬಿಡಿಸಿ ಬಾಯಿಗಿಟ್ಟರು. ಅವನು ಹಾಕಿದ್ದು ಸಕ್ಕರೆ!

"ಇದು ಸೂಪೋ, ಪೋಸ್ಟರ್ ಅಂಟಿಸೋ ಗೋಂದೋ?" ದೊಡ್ಡಕ್ಕ ಧಡಕ್ಕನೆ ಎದ್ದರು. "ಏನೇ, ನಿನ್ನ ಬ್ಯಾಗ್ ಎಲ್ಲಿದೆ?" ಎಂದು ತಂಗಿಯ ಕೋಣೆಗೆ ಹೋಗಿ ಬೀರುವಿನಿಂದ ಬಟ್ಟೆ ತೆಗೆದು ತುಂಬತೊಡಗಿದರು.

ಹೆಂಡತಿ ಊರುಗೋಲು ಊರಿಕೊಂಡು ನೇರ ಅಡುಗೆಮನೆಗೆ ಬಂದಳು. ಡಬ್ಬಿಗಳನ್ನು ನೋಡಿದಳು, ಪರದೆ ನೋಡಿದಳು, ನೆಲದ ಮೇಲಿನ ಸುತ್ತಿಗೆ ನೋಡಿದಳು.

"ನೀನು ಎದ್ದು ಬಂದಾಗ ಚೆನ್ನಾಗಿ ಕಾಣ್ಲಿ ಅಂತ..." ಅವನು ಡಬ್ಬಿಗಳ ಕಡೆ ಕೈ ತೋರಿಸಿದ. "ಒಂದು ತಿಂಗಳು ನೀನಿಲ್ದೆ ನಾನೇನು ಮಾಡ್ಲಿ ಹೇಳು?"

ಹೆಂಡತಿ ಅವನ ಹುಬ್ಬಿನ ಮೇಲಿದ್ದ ಮೈದಾ ಒರೆಸಿದಳು. ಆಮೇಲೆ ಕೂಗಿದಳು, "ಅಕ್ಕಾ, ತುಂಬಬೇಡ. ನಾನು ಬರಲ್ಲ."

"ಬರಲ್ವಾ? ಕಾಲು ಮುರ್ಕೊಂಡು ಈ ಗೋಂದು ತಿಂತಾ ಬಿದ್ದಿರ್ತೀಯಾ?" ಎನ್ನುತ್ತ ದೊಡ್ಡಕ್ಕ ಬ್ಯಾಗ್ ಹಿಡಿದೇ ಅಡುಗೆಮನೆಗೆ ನುಗ್ಗಿದರು.

ಸದ್ಯ ಬದುಕಿದೆ ಎಂದು ಟಪಾಲಪ್ಪ ಹಿಂದಕ್ಕೆ ಒರಗಿದ್ದ. ಒರಗಿದ್ದು ಬೆಳಿಗ್ಗೆ ಬಣ್ಣ ಹೊಡೆದ ಹಲಗೆಗೆ! ಅತ್ತಿಗೆಗೆ ಕೈ ಮುಗಿಯಲು ಮುಂದೆ ಬಂದರೆ ಅಂಗಿ ಬರಲೊಲ್ಲದು. ಜಗ್ಗಿದ. ಶೆಲ್ಫ್ ಅಲುಗಾಡಿ ಒಂದು ಡಬ್ಬಿ ಉರುಳಿ ನೆತ್ತಿಯ ಮೇಲೆ ಬಿತ್ತು. ಮುಚ್ಚಳ ಮಾತ್ರ ಆಗಲೂ ತೆರೆಯಲಿಲ್ಲ.

ದೊಡ್ಡಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಖದ ಮೇಲಿನ ಸಿಟ್ಟು ಇಳಿಯಿತು. ಬ್ಯಾಗನ್ನು ಮೆಲ್ಲಗೆ ಕೆಳಗಿಟ್ಟು ತಂಗಿಯ ಭುಜದ ಮೇಲೆ ಕೈಯಿಟ್ಟರು.

"ಇಲ್ಲೇ ಇರಮ್ಮ, ಇವರನ್ನ ನೋಡ್ಕೊಂಡು. ನಿನಗೆ ಕೆಟ್ಟಿರೋದು ಒಂದು ಕಾಲು ಮಾತ್ರ!"