ಬಾನೆಟ್ಟಿನ ಮೇಲೆ ನಿಲ್ಲದ ವಿಭೂತಿ

ಹೊಸ ವಸ್ತುವೊಂದು ಮನೆಗೆ ಬಂದರೆ ಅದನ್ನು ಬಳಸುವುದಕ್ಕಿಂತ ಕಾಪಾಡುವುದರಲ್ಲೇ ನಮ್ಮ ಆಯುಷ್ಯ ಸವೆಯುತ್ತದೆ. ಟೀವಿ ರಿಮೋಟಿಗೆ ಪ್ಲಾಸ್ಟಿಕ್ ಕವರು, ಫ್ರಿಜ್ಜಿನ ನೆತ್ತಿಗೆ ಕಸೂತಿ ಹಾಕಿದ ಬಟ್ಟೆ, ಆ ಬಟ್ಟೆ ಕೊಳೆಯಾಗದ ಹಾಗೆ ಮೇಲೊಂದು ಹಳೇ ಕ್ಯಾಲೆಂಡರಿನ ಹಾಳೆ. ಇದೆಲ್ಲ ಗೊತ್ತಿದ್ದೂ ನಾನು ಕಡುನೀಲಿ ಬಣ್ಣದ ಕಾರು ಕೊಂಡೆ. ತಮಿಳುನಾಡಿನ ಗಡಿಯಂಚಿನ ತಿಗನಾರೆಯಿಂದ ತಾಳವಾಡಿಯ ಶಾಲೆಗೆ ದಿನಾ ಹೋಗಿಬರುವ ಕನ್ನಡ ಟೀಚರು ನಾನು. ಬಸ್ಸಿಗೆ ಕಾದು ಕಾದು ಸಾಕಾಗಿತ್ತು. ಕಡುನೀಲಿಯ ಮೇಲೆ ನಮ್ಮೂರ ಕೆಂಪು ಧೂಳು ಎಷ್ಟು ಎದ್ದು ಕಾಣುತ್ತದೆಂದರೆ, ಧೂಳಿಗಾಗಿಯೇ ಆ ಬಣ್ಣ ಮಾಡಿದ್ದಾರೇನೋ ಅನ್ನಿಸುತ್ತದೆ.

ಇದಕ್ಕೆ ಸೆರಾಮಿಕ್ ಕೋಟಿಂಗ್ ಎಂಬ ಪರಿಹಾರವಿದೆಯೆಂದು ಫೋನಿನ ವಿಡಿಯೋಗಳಿಂದ ತಿಳಿಯಿತು. ಮಾಡಿಸದಿದ್ದರೆ ಕಾರು ಹಾಳು ಎಂದ ಒಬ್ಬ. ಮಾಡಿಸಿದರೆ ದುಡ್ಡು ಹಾಳು ಎಂದ ಇನ್ನೊಬ್ಬ. ಇಬ್ಬರ ಕಾರೂ ಒಂದೇ ಥರ ಹೊಳೆಯುತ್ತಿತ್ತು. ದಿಕ್ಕು ತೋಚದೆ ನಮ್ಮವರನ್ನು ಕೇಳಿದೆ. ಅವರು ಹಸುವಿಗೆ ಹುಲ್ಲು ಹಾಕುತ್ತಾ, “ಸೆರಾಮಿಕ್ ಅಂದ್ರ ಟೈಲ್ಸ್ ಅಲ್ವ? ಕಾರ್‌ಗ ಯಾಕಮ್ಮಿ ಟೈಲ್ಸು?” ಅಂದರು. ಟೈಲ್ಸ್ ಅಲ್ಲ, ಬಣ್ಣದ ಮೇಲೆ ಬಳಿಯುವ ಗಾಜಿನಂಥ ಪದರ ಎಂದೆ. “ಅಂಗಾದ್ರ ಒಡ್ದೋಗಲ್ವ?” ಅಂದರು. ಆ ಪ್ರಶ್ನೆಗೆ ಯಾವ ವಿಡಿಯೋದಲ್ಲೂ ಉತ್ತರವಿರಲಿಲ್ಲ.

ಕೊನೆಗೆ ಒಂದು ಶನಿವಾರ ಸತ್ಯಮಂಗಲಕ್ಕೆ ಹೊರಟೆವು. ದಿಂಬಂನಲ್ಲಿ ಟೀ ಕುಡಿಯುವಾಗ ಕೋಟಿಂಗ್ ಬೇಡವೆಂದು ತೀರ್ಮಾನಿಸಿದೆ. ಘಾಟಿಯ ತಿರುವುಗಳನ್ನು ಇಳಿಯುವಷ್ಟರಲ್ಲಿ ಬೇಕು ಅನ್ನಿಸಿತು. ಕೆಳಗೆ ಬಂದಾಗ ತಲೆ ತಿರುಗುತ್ತಿತ್ತು. ಅದು ತಿರುವಿನಿಂದಲೋ ಯೋಚನೆಯಿಂದಲೋ ಹೇಳಲಾರೆ. ಕೋಟಿಂಗ್ ಅಂಗಡಿಯವನು ಬಹಳ ವಿನಯವಂತ. “ಕಣ್ಣಾಡಿ ಮಾದಿರಿ ಇರುಕ್ಕುಂ, ಟೀಚರ್” ಅಂದ. ಕನ್ನಡಿಯ ಹಾಗಿರುತ್ತದಂತೆ.

“ತಾಳಮಲೆ ಕಾಡಿನ ಕಡೆ ಹೋದರೆ ಮುಳ್ಳು ಗೀರುತ್ತದೆ. ಅದನ್ನು ತಡೆಯುತ್ತದಾ?” ಎಂದು ತಮಿಳಲ್ಲೇ ಕೇಳಿದೆ.

“ಮುಳ್ಳು ಗೀರಿದರೆ ಗೀರು ಬೀಳುತ್ತೆ, ಟೀಚರ್.”

“ಕಲ್ಲು ಸಿಡಿದರೆ?”

“ಗುರುತು ಉಳಿಯುತ್ತೆ.”

“ಧೂಳು?”

“ಕೂರುತ್ತೆ. ಆದರೆ ತೊಳೆಯೋದು ಸುಲಭ. ನೀರು ನಿಲ್ಲೋದೇ ಇಲ್ಲ.”

ಸುಳ್ಳು ಹೇಳಿದ್ದರೆ ಜಗಳವಾಡಿ ವಾಪಸು ಬರಬಹುದಿತ್ತು. ಇಷ್ಟು ನಿಜ ಹೇಳುವವನನ್ನು ಏನು ಮಾಡುವುದು? ನನ್ನ ಮುಖ ನೋಡಿ ಅವನಿಗೇ ಮರುಕ ಬಂದಿರಬೇಕು. ಬಾನೆಟ್ಟಿಗೆ ಮಾತ್ರ ಮಾಡಿಕೊಡುತ್ತೇನೆ, ನೋಡಿ, ಹಿಡಿಸಿದರೆ ಮಿಕ್ಕದ್ದಕ್ಕೆ ಬನ್ನಿ ಎಂದ. ಅರ್ಧ ತೀರ್ಮಾನಕ್ಕೆ ಅವಕಾಶವಿದೆಯೆಂದು ಗೊತ್ತಾದ ಕೂಡಲೇ ನನಗೆ ಜೀವ ಬಂದ ಹಾಗಾಯಿತು.

ಬಾನೆಟ್ಟು ನಿಜಕ್ಕೂ ಕನ್ನಡಿಯಾಯಿತು. ಕೆಲವು ದಿನ ಕಳೆದ ಮೇಲೆ ಅದರ ಮೇಲೆ ಒಂದು ಚೊಂಬು ನೀರು ಹುಯ್ದು, ಹನಿಗಳು ಗೋಲಿಯಂತೆ ಉರುಳುವುದನ್ನು ನೋಡುತ್ತಾ ನಿಂತಿದ್ದೆ. ಸಾರು ಉಕ್ಕಿದ್ದೂ ತಿಳಿಯಲಿಲ್ಲ.

ತೊಡಕು ಶುರುವಾದದ್ದು ಅದರ ಮುಂದಿನ ಸೋಮವಾರ. ಚಾಮರಾಜನಗರದಲ್ಲಿರುವ ನಾದಿನಿಯ ಮಗುವನ್ನು ಅವತ್ತು ತೊಟ್ಟಿಲಿಗೆ ಹಾಕುವುದಿತ್ತು. ಅತ್ತೆಗೆ ಮೊದಲ ಮೊಮ್ಮಗಳು. ಅವರು ಬೆಳಗ್ಗೆಯೇ ಮಿಂದು, ಬಟ್ಟಲಲ್ಲಿ ವಿಭೂತಿ ಕಲಸಿಕೊಂಡು ಅಂಗಳಕ್ಕೆ ಬಂದರು. ನಮ್ಮನೆಯಲ್ಲಿ ವಿಭೂತಿ ಬೀಳದ ವಸ್ತುವಿಲ್ಲ. ನೇಗಿಲಿಗಿದೆ, ಮಿಕ್ಸಿಗಿದೆ, ನೀರಿನ ಮೋಟರಿಗಂತೂ ಕೆಟ್ಟಾಗಲೆಲ್ಲ ಎರಡೆರಡು ಸಲ. ಅತ್ತೆ ಮೂರು ಬೆರಳಲ್ಲಿ ಬಾನೆಟ್ಟಿನ ಮೇಲೆ ನೀಟಾಗಿ ಎಳೆದರು. ಮೂರು ಗೆರೆಯೂ ಮುದುರಿಕೊಂಡು, ಬಿಳಿ ಹನಿಗಳಾಗಿ, ಸರಸರ ಜಾರಿ ನೆಲಕ್ಕೆ ಬಿದ್ದವು. ಇನ್ನೊಮ್ಮೆ ಎಳೆದರು. ಇನ್ನೊಮ್ಮೆ ಜಾರಿತು.

“ಇದೇನವ್ವಾ, ಈಬೂತಿಯೇ ನಿಲ್ತಾ ಇಲ್ವಲ್ಲ!” ಅತ್ತೆಯ ಮುಖ ಸಪ್ಪಗಾಯಿತು.

“ನೀರು ನಿಲ್ಲದ ಹಾಗೆ ಏನೋ ಬಳಿಸಿದ್ದೀನಿ, ಅತ್ತೆ.”

“ನೀರ್ ನಿಲ್ಬಾರ್ದು ಅಂದ್ರ ಸರಿ ಕಣವ್ವ. ಸಿವ ಯಾಕ್ ನಿಲ್ಬಾರ್ದು?”

ನಮ್ಮವರು, “ಬುಡವ್ವ, ಒತ್ತಾಯ್ತು” ಅಂದರು. ಅತ್ತೆ ಬಟ್ಟಲು ಹಿಡಿದುಕೊಂಡೇ ಜಗಲಿಯ ಮೇಲೆ ಕೂತುಬಿಟ್ಟರು. “ಈಬೂತಿ ನಿಲ್ದಿರ ಗಾಡೀಲಿ ನಾ ಕೂರಲ್ಲ. ಅಸಗೂಸ್ ನೋಡಾಕ ಓಗದು, ಎಂಗಂಗೋ ಓಗಾಕಾದದ?” ಅವರ ಕಣ್ಣಲ್ಲಿ ನೀರಾಡುತ್ತಿತ್ತು. ಮೊಮ್ಮಗಳಿಗೆಂದು ಕೈಯಾರೆ ಹೊಲಿದ ಕುಲಾವಿ ಮಡಿಲಲ್ಲಿತ್ತು. ಇಷ್ಟು ಹೊತ್ತು ತಮಾಷೆಯಾಗಿದ್ದದ್ದು ಆಗ ನನಗೆ ತಮಾಷೆಯಾಗಿ ಉಳಿಯಲಿಲ್ಲ. ಬಟ್ಟೆ ತಂದು ಬಾನೆಟ್ಟನ್ನು ಉಜ್ಜಿದೆ, ಸೋಪು ಹಾಕಿದೆ, ಉಗುರಿಂದ ಕೆರೆದೆ. ಅದು ಇನ್ನಷ್ಟು ಹೊಳೆಯಿತು.

ಕೋಟಿಂಗ್ ಬಾನೆಟ್ಟಿಗೆ ಮಾತ್ರ ಎಂಬುದು ನೆನಪಾದದ್ದು ಕೈ ಸೋತ ಮೇಲೆ. “ಅತ್ತೆ, ಹಿಂದಿನ ಬಾಗಿಲಿಗೆ ಹಚ್ಚಿ ನೋಡಿ” ಎಂದೆ. ಅವರು ಅನುಮಾನದಿಂದಲೇ ಎದ್ದು ಬಂದು ಎಳೆದರು. ಬಾಗಿಲ ತುಂಬ ಧೂಳಿತ್ತು. ವಿಭೂತಿ ಗಪ್ಪನೆ ಕಚ್ಚಿಕೊಂಡಿತು. “ಸಿವ ಇಲ್ಲಿ ಅವ್ನೆ ಬುಡು!” ಎಂದು ಅತ್ತೆ ಅದೇ ಬಾಗಿಲು ತೆರೆದು ಒಳಗೆ ಕೂತರು. ದಾರಿಯುದ್ದಕ್ಕೂ ಮಗುವಿಗೆ ಇಡಬಹುದಾದ ಹೆಸರುಗಳನ್ನು ಹೇಳುತ್ತಾ ಬಂದರು. ನಾನು ಪ್ರತಿಯೊಂದಕ್ಕೂ ಚೆನ್ನಾಗಿದೆ ಅಂದೆ.

ಈಗ ನನ್ನ ಕಾರು ಮುಂದಿನಿಂದ ಷೋರೂಮು, ಹಿಂದಿನಿಂದ ಮಠ. ಅಂಗಡಿಯವನು ಫೋನು ಮಾಡಿ, ಮಿಕ್ಕದ್ದು ಯಾವಾಗ ಎಂದು ಕೇಳುತ್ತಾನೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಅನ್ನುತ್ತೇನೆ. ಮನೆಯಲ್ಲಿ ಕೇಳುವ ಧೈರ್ಯವಿಲ್ಲ. ಇದರ ನಡುವೆ ನಮ್ಮ ಶಾಲೆಯ ಗಣಿತದ ಸೆಲ್ವಂ ಸಾರ್ ಹೊಸ ಕಾರು ತಂದರು. ನಾನು ಈ ವಿಷಯದಲ್ಲಿ ಪಳಗಿದವಳೆಂದು ಸ್ಟಾಫ್ ರೂಮಿನಲ್ಲಿ ಸುದ್ದಿ ಹೋಗಿತ್ತಲ್ಲ, ಸಲಹೆ ಕೇಳಲು ಬಂದರು. ನಾನು ಬಿಡುವಿನ ಪೀರಿಯಡ್ಡೆಲ್ಲ ಪದರ, ಹೊಳಪು, ನೀರ ಹನಿ, ಎಲ್ಲವನ್ನೂ ವಿವರಿಸಿದೆ. ಅವರು ತಲೆದೂಗುತ್ತಾ ಕೇಳಿ, ಕೊನೆಗೆ, “ಅದೆಲ್ಲ ಸರಿ ಟೀಚರ್. ಮಾಡಿಸಲೋ ಬೇಡವೋ? ಒಂದೇ ಮಾತು ಹೇಳಿ” ಅಂದರು.

“ಗಂಟೆ ಹೊಡೆಯಿತು, ಸಾರ್” ಎಂದು ಪುಸ್ತಕ ಎತ್ತಿಕೊಂಡು ಎದ್ದೆ. ಗಂಟೆ ಹೊಡೆದಿರಲಿಲ್ಲ.