ಏಡಿ ಹಿಡಿಸಿ ಕೆರೆ ಉಳಿಸಿದ್ದು

ತೋಟದ ನೀರು, ಹುಲ್ಲು, ಜೀವಜಂತು ಇವುಗಳ ನಿರ್ವಹಣೆಯಲ್ಲಿ ನನ್ನನ್ನು ಮೀರಿಸುವವರು ನಾಪೋಕ್ಲು ಸುತ್ತಮುತ್ತ ಯಾರೂ ಇಲ್ಲವೆಂಬ ನಂಬಿಕೆಯೊಂದಿತ್ತು. ನಂಬಿದ್ದವನು ನಾನೊಬ್ಬನೇ.

ಫೆಬ್ರವರಿ ಕೊನೆಯಾದರೂ ಹೂಮಳೆಯ ಸುಳಿವಿರಲಿಲ್ಲ. ಕಾಫಿ ಗಿಡದ ತುಂಬ ಮೊಗ್ಗು. ಕೆರೆಯ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಒಂದು ಸುತ್ತು ಹೊಡೆದರೆ ಹೂ ಅರಳುತ್ತದೆ, ಇಲ್ಲವಾದರೆ ವರ್ಷದ ಫಸಲಿಗೆ ಕೈಮುಗಿಯಬೇಕು. ಸೋಮವಾರ ಪೈಪು ಹಾಕುವುದೆಂದು ನಿಶ್ಚಯವಾಗಿತ್ತು. ಶುಕ್ರವಾರ ನೋಡಿದರೆ ಕೆರೆ ಏರಿಯ ಕೆಳಗೆ ನೀರು ಜಿನುಗುತ್ತಿದೆ. ಏರಿಯಲ್ಲೆಲ್ಲ ಏಡಿ ಬಿಲ!

"ಎರಡು ಬುಟ್ಟಿ ಜೇಡಿಮಣ್ಣು ತುಂಬಿಸಿ ತುಳಿಸಿ. ಮುಗೀತು," ಎಂದಳು ಹೆಂಡತಿ ಲೀಲಾ.

"ಬಿಲ ಮುಚ್ಚಿದರೆ ಏಡಿ ಇನ್ನೊಂದು ತೋಡುತ್ತೆ. ಸಮಸ್ಯೆಯ ಮೂಲಕ್ಕೇ ಹೋಗಬೇಕು!"

"ನೀವು ಮೂಲಕ್ಕೆ ಹೋದಾಗಲೆಲ್ಲ ಎಳಕೊಂಡು ಬಂದದ್ದು ನಾನು. ನೆನಪುಂಟಾ?"

ನೆನಪಿತ್ತು. ಲೆಕ್ಕಿಸಲಿಲ್ಲ.

ಏಡಿಗಳನ್ನು ಶಾಂತಿಯುತವಾಗಿ ಹೊರಗೆ ಕರೆಸಲು ಕೋಳಿ ಕರುಳನ್ನು ಹಗ್ಗಕ್ಕೆ ಕಟ್ಟಿ ಏರಿಯುದ್ದಕ್ಕೂ ಇಳಿಬಿಟ್ಟೆ. ಶನಿವಾರ ಬೆಳಿಗ್ಗೆ ನಮ್ಮ ಏಡಿಗಳ ಜೊತೆಗೆ ಪಕ್ಕದಲ್ಲಿ ಹರಿಯುವ ತೋಡಿನ ಏಡಿಗಳೂ ಸಂಸಾರಸಮೇತ ಬಂದು ಊಟ ಮುಗಿಸಿ, ಏರಿಯಲ್ಲೇ ಹೊಸ ಮನೆ ಮಾಡಿಕೊಂಡಿದ್ದವು.

ಆಗ ನಾನು ಕೆಲಸಗಾರರ ಲೈನ್ ಮನೆಗಳಿಗೆ ಹೋಗಿ ಘೋಷಿಸಿದೆ: "ಹಿಡಿದವರಿಗೇ ಏಡಿ!" ಕೊಡಗಿನಲ್ಲಿ ಹೀಗೆ ಹೇಳಿದ ಮೇಲೆ ಎರಡನೇ ಸಲ ಹೇಳಬೇಕಾಗಿಲ್ಲ. ಭಾನುವಾರ ಹತ್ತು ಗಂಟೆಗೆ ಗುದ್ದಲಿ, ಹಾರೆ, ಬಕೆಟ್ ಹಿಡಿದ ಸೈನ್ಯವೇ ಬಂತು. ನಾನು ಕೊಡೆಯ ನೆರಳಲ್ಲಿ ಕೂತು ಏಡಿ ಎಣಿಸಿದೆ. ಒಂದೊಂದು ಏಡಿಗೂ ಏರಿಯ ಎಷ್ಟು ಮಣ್ಣು ಹೋಗುತ್ತಿದೆ ಎಂಬುದನ್ನು ಎಣಿಸಲು ಮಾತ್ರ ಮರೆತೆ.

ಕೊನೆಗೆ ಉಳಿದದ್ದು ಒಂದು ದೊಡ್ಡ ಬಿಲ. ನಮ್ಮ ಹಳೆಯ ಕೆಲಸಗಾರ ಮುತ್ತು ಅದರೊಳಗೆ ಇಣುಕಿ, "ಬೇಡ ಸಾರ್, ಇದು ನೀರಿನ ತನಕ ಹೋಗಿ ಉಂಟು," ಎಂದ.

"ಸರಿ, ನಾನೇ ನೋಡ್ತೇನೆ!" ಎಂದು ಏರಿಯ ಮೇಲೆ ಬೋರಲು ಮಲಗಿ ಭುಜದವರೆಗೆ ಕೈ ಹಾಕಿದೆ. ಏಡಿ ಸಿಕ್ಕಿತು. ಸರಿಯಾಗಿ ಹೇಳಬೇಕೆಂದರೆ, ನಾನು ಅದಕ್ಕೆ ಸಿಕ್ಕಿದೆ. ಹೆಬ್ಬೆರಳು ಅದರ ಕೊಂಬಿನಲ್ಲಿ! ಅದೇ ಹೊತ್ತಿಗೆ ಬಿಲದ ಒಳಗೋಡೆ ಕುಸಿದು ತಣ್ಣನೆ ನೀರು ಮೊಣಕೈಗೆ ತಾಗಿತು.

"ಕೈ ತೆಗೀಬೇಡಿ ಸಾರ್!" ಎಂದು ಮುತ್ತು ಕೂಗಿದ.

"ಏಡಿ ಕಚ್ಚಿದೆ ಮಾರಾಯ!"

"ಕಚ್ಚಲಿ ಬಿಡಿ!" ಇದು ಮನೆಯಿಂದ ಓಡಿ ಬಂದ ಲೀಲಾ. "ಕೈ ಅಲ್ಲೇ ಇರಲಿ. ಜೇಡಿಮಣ್ಣು ತರಿಸ್ತೇನೆ!"

ಇಡೀ ವರ್ಷದ ಫಸಲು ನನ್ನ ಬಲಗೈಯ ಮೇಲೆ ನಿಂತಿತ್ತು. ಹಲ್ಲು ಕಚ್ಚಿ ತಡೆದೆ. ಏಡಿ ಇನ್ನೊಂದು ಸಲ ಒತ್ತಿತು. ಕುಟುಂಬದ ಹಿತ, ಕೃಷಿಯ ಭವಿಷ್ಯ ಎಲ್ಲವನ್ನೂ ಬದಿಗಿಟ್ಟು ಕೈ ಎಳೆದುಕೊಂಡೆ.

ಮೊದಲು ಏಡಿ ಬಂತು, ಹಿಂದೆಯೇ ಕೆರೆ ಬಂತು. ತೋಡಿದ ಗುಂಡಿಗಳೆಲ್ಲ ಒಂದಾಗಿ ಏರಿ ಬಾಯಿ ಬಿಟ್ಟಿತು. ಮುತ್ತು ಮಣ್ಣಿನ ಬುಟ್ಟಿ ತರುವಷ್ಟರಲ್ಲಿ ನೀರೆಲ್ಲ ಕೆಳಗೆ, ಪಕ್ಕದ ತೋಟದ ದೇವಯ್ಯಣ್ಣನ ಪಾಳು ಗದ್ದೆಯಲ್ಲಿ ನಿಂತಿತ್ತು. ಲೀಲಾ ಬರಿದಾದ ಕೆರೆಯನ್ನೇ ನೋಡುತ್ತ ಕೂತಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ದೇವಯ್ಯಣ್ಣ ತಡಮಾಡಲಿಲ್ಲ. ಸಂಜೆಯೊಳಗೆ ಗದ್ದೆಗೆ ಪಂಪು ಇಳಿಸಿ ತನ್ನ ತೋಟಕ್ಕೆಲ್ಲ ಸ್ಪ್ರಿಂಕ್ಲರ್ ಹೊಡೆಸಿದ. ಒಂಬತ್ತನೇ ದಿನ ಅವನ ತೋಟ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ನಮ್ಮ ಮೊಗ್ಗು ಕಡ್ಡಿಯ ಮೇಲೇ ಕರಕಲಾಯಿತು. ಹೂ ನೋಡಲು ಬಂದವರಿಗೆಲ್ಲ ಅವನು ಬೇಲಿಯಾಚೆ ನಿಂತ ನನ್ನನ್ನು ತೋರಿಸಿ, "ನೀರು ಹಾಯಿಸಿದ್ದು ಇವರೇ. ತುಂಬ ಒಳ್ಳೇ ಮನಸ್ಸು!" ಎನ್ನುತ್ತಿದ್ದ.

ಈಗ ಏರಿ ಮತ್ತೆ ಕಟ್ಟಿಸಿದ್ದೇವೆ. ಅದರ ಮೇಲೆ ಒಳ್ಳೇ ಹುಲ್ಲು ಬಂದಿದೆ. ದನ ಮೇಯಲು ಬಿಡಬಹುದು ಎಂದು ಲೀಲಾ ಒಪ್ಪಿದ್ದಾಳೆ.

ನನ್ನನ್ನು ಮಾತ್ರ ಬಿಡುವುದಿಲ್ಲವಂತೆ!