ಹಳದಿ ಪಟ್ಟಿಯ ಅತ್ತೆ

ತೀರ್ಥಮ್ಮನಿಗೂ ಗರುಡ ಗೋಪುರಕ್ಕೂ ನಡುವೆ ಇದ್ದ ಅಡ್ಡಿ ಮೂರೇ ಮೂರು ಸೆಂಟಿಮೀಟರ್.

ಕಡೂರಿನಿಂದ ತರೀಕೆರೆಗೆ ಹೋಗುವ ಹೆದ್ದಾರಿಯ ಪಕ್ಕ, ತೆಂಗಿನ ತೋಟಗಳ ನಡುವೆ ಹೋದ ವರ್ಷ ಎದ್ದ ‘ಮೇಘಲೋಕ’ ಎಂಬ ಥೀಮ್ ಪಾರ್ಕಿನ ಬಾಗಿಲಲ್ಲಿ ಒಂದು ಅಳತೆ ಕಂಬವಿದೆ. ಅದರಲ್ಲಿ ನೂರ ನಲವತ್ತು ಸೆಂಟಿಮೀಟರಿಗೆ ಒಂದು ಕೆಂಪು ಗೆರೆ. ತಲೆ ಗೆರೆ ಮುಟ್ಟಿದರೆ ಮಣಿಕಟ್ಟಿಗೆ ಕೆಂಪು ಪಟ್ಟಿ ಸುತ್ತುತ್ತಾರೆ, ಅಂಥವರು ದೊಡ್ಡವರು. ಮುಟ್ಟದಿದ್ದರೆ ಹಳದಿ ಪಟ್ಟಿ, ಅಂಥವರು ಮಕ್ಕಳು. ಬಾಗಿಲಲ್ಲಿ ವಯಸ್ಸು ಕೇಳುವ ಪದ್ಧತಿಯಿಲ್ಲ.

ಪಂಚನಹಳ್ಳಿಯಲ್ಲಿ ಮೂವತ್ತು ವರ್ಷದಿಂದ ರವಿಕೆ ಹೊಲಿಯುತ್ತಿರುವ ತೀರ್ಥಮ್ಮ ಚಪ್ಪಲಿ ಬಿಟ್ಟು, ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಕಂಬ ನೂರ ಮೂವತ್ತೇಳು ಎಂದಿತು. ಬಾಗಿಲು ಕಾಯುವ ಗುರುಮೂರ್ತಿ ಅವಳ ಮುಖ ನೋಡಲಿಲ್ಲ. ಗೆರೆ ನೋಡಿದ, ಹಳದಿ ಪಟ್ಟಿ ಸುತ್ತಿದ. ಹಿಂದೆ ನಿಂತಿದ್ದವಳು ತಮ್ಮನ ಮಗಳು ಶಾಂಭವಿ. ಹದಿನೈದು ವರ್ಷ, ಅಜ್ಜಂಪುರದ ಹೈಸ್ಕೂಲಿನ ವಾಲಿಬಾಲ್ ತಂಡದಲ್ಲಿ ನೆಟ್ಟಿನ ಮುಂದೆ ನಿಲ್ಲುವ ಹುಡುಗಿ. ಅವಳಿಗೆ ಕೆಂಪು ಪಟ್ಟಿ.

“ಹಳದಿ ಮಕ್ಳು ಒಬ್ಬೊಬ್ರೇ ಓಡಾಡಂಗಿಲ್ಲ,” ಎಂದ ಗುರುಮೂರ್ತಿ ಶಾಂಭವಿಯ ಮುಂದೆ ಪುಸ್ತಕ ಚಾಚಿದ. “ಪೋಷಕರು ಇಲ್ಲಿ ಸೈನ್ ಮಾಡಿ.”

ಶಾಂಭವಿ ನಗು ನುಂಗಿಕೊಂಡು ಸೈನ್ ಮಾಡಿದಳು. “ದಸರಾ ರಜೇಲಿ ಮಗೀಗೆ ಪಾರ್ಕ್ ತೋರಿಸ್ಕಂಡ್ ಬತ್ತೀನಿ, ಕೈ ಬಿಡಲ್ಲ ಕಣೋ” ಎಂದು ಹಿಂದಿನ ದಿನ ತಮ್ಮನಿಗೆ ಮಾತು ಕೊಟ್ಟಿದ್ದ ತೀರ್ಥಮ್ಮ, ಈಗ ಆ ಮಗುವಿನ ಕೈ ಹಿಡಿದುಕೊಂಡೇ ಒಳಗೆ ಹೋದಳು.

ಒಳಗೆ ಹೋಗಿ ನಾಲ್ಕು ಹೆಜ್ಜೆಗೆ ನಿಂತುಬಿಟ್ಟಳು.

ಎದುರಿಗೆ ಗರುಡ ಗೋಪುರ, ನೂರ ಇಪ್ಪತ್ತು ಅಡಿಯ ಉಕ್ಕಿನ ಕಂಬ. ಅದರ ಸೊಂಟಕ್ಕೆ ಡಾಬು ತೊಡಿಸಿದ ಹಾಗೆ ಸುತ್ತಲೂ ಇಪ್ಪತ್ತನಾಲ್ಕು ಕುರ್ಚಿ. ಆ ಡಾಬು ಜನರನ್ನು ಹೊತ್ತು, ಸದ್ದಿಲ್ಲದೆ, ತೆಂಗಿನ ಗರಿಗಳನ್ನು ದಾಟಿ ಮೇಲಕ್ಕೆ ಹೋಯಿತು. ತುದಿ ಮುಟ್ಟಿದ ಮೇಲೆ ನಿಧಾನಕ್ಕೆ ಒಂದು ಸುತ್ತು ತಿರುಗಿತು. ಅಲ್ಲಿಯವರೆಗೆ ಕಿರುಚುತ್ತಿದ್ದ ಜನ ತುದಿಯಲ್ಲಿ ಒಮ್ಮೆಗೇ ಸುಮ್ಮನಾದರು. ಪಾರ್ಕಿನಲ್ಲಿ ಅಷ್ಟು ಗದ್ದಲವಿದ್ದರೂ ಮೇಲಿನ ಆ ಮೌನ ಕೆಳಗೆ ಕೇಳಿಸುತ್ತಿತ್ತು.

ಐವತ್ತೈದು ವರ್ಷದಲ್ಲಿ ತೀರ್ಥಮ್ಮ ಲೋಕವನ್ನು ನೋಡಿದ್ದು ಜನರ ಬೆನ್ನಿನ ಸಂದಿಯಿಂದ. ಮದುವೆಯಲ್ಲಿ ಧಾರೆ ಕಂಡಿಲ್ಲ, ನಾಟಕದಲ್ಲಿ ರಾಜನ ಕಿರೀಟ ಬಿಟ್ಟರೆ ಬೇರೆ ಕಂಡಿಲ್ಲ. ಕೆಮ್ಮಣ್ಣುಗುಂಡಿಗೆ ಹೋದಾಗಲೂ ಅಂಚಿನಲ್ಲಿ ಯಾರದೋ ಸಂಸಾರ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿತ್ತು. ಅವರು ಸರಿಯುವ ಹೊತ್ತಿಗೆ ಮಂಜು ಕವಿದಿತ್ತು. ಈ ಕಂಬದ ಮೇಲಾದರೋ ಮುಂದೆ ಯಾರೂ ನಿಲ್ಲುವ ಹಾಗಿಲ್ಲ. ಒಂದೇ ಒಂದು ಸಲ ಅಲ್ಲಿ ಕೂರಬೇಕು ಅಂದುಕೊಂಡಳು.

“ಹಳದಿ ಪಟ್ಟಿ ಬಿಡಲ್ಲ ಅಮ್ಮ,” ಎಂದ ಗೋಪುರ ನಡೆಸುವ ದುಶ್ಯಂತ್. “ಅಲ್ಲಿ ಬಾತುಕೋಳಿ ರೈಲೈತೆ, ಅದ್ಕೆ ಹೋಗಿ.”

“ಲೇ, ನಿನ್ನ ವಯಸ್ಸಿನ ಮಕ್ಳಿಗೆ ಅಂಗಿ ಹೊಲ್ದಿದೀನಿ ಕಣೋ!”

“ನೀವು ಏನೇ ಹೊಲೀರಿ, ಬೆಲ್ಟ್ ನಿಮ್ಗೆ ಸಡ್ಲ ಆಗ್ತದೆ ಅಂತ ರೂಲ್ಸು.”

ಶಾಂಭವಿ ಒಬ್ಬಳೇ ಹೋದಳು. ಅವಳ ಬಾಯಿ ಎಂಥದ್ದೆಂದರೆ ಅಜ್ಜಂಪುರದಿಂದ ಕಡೂರಿನ ತನಕ ಬಸ್ಸಿನ ಹಾರನ್ನಿಗೂ ಸರದಿ ಸಿಕ್ಕಿರಲಿಲ್ಲ. ಅಂಥವಳು ಇಳಿದು ಬಂದು ಅತ್ತೆಯ ಪಕ್ಕ ಸುಮ್ಮನೆ ಕೂತಳು.

“ಹೆಂಗಿತ್ತೇ? ಏನ್ ಕಾಣ್ತು?”

“ಅತ್ತೆ... ಬಾಬಾಬುಡನ್ ಗುಡ್ಡ ಇಷ್ಟೂ ಕಾಣ್ತದೆ. ಹೆಬ್ಬೆ ಕಡೆ ಒಂದ್ ಮೋಡ ಗುಡ್ಡಕ್ಕಿಂತ ಕೆಳಗಿತ್ತು. ಕೆರೆಗಳೆಲ್ಲ ನೆಲದ ಮೇಲೆ ಕನ್ನಡಿ ಇಟ್ಟಂಗೆ. ನಂಗೆ ಹೇಳಕ್ಕಾಗಲ್ಲ. ನೀನೇ ನೋಡ್ಬೇಕು.”

ಅಷ್ಟು ಹೇಳಿ, ಇನ್ನೊಂದು ಸಲ ಹೋಗುತ್ತೇನೆಂದು ಓಡಿದಳು. ತೀರ್ಥಮ್ಮ ಮೇಲೇರುವ ಕುರ್ಚಿಗಳಲ್ಲಿ ಅವಳನ್ನು ಹುಡುಕುತ್ತ, ಕತ್ತು ಮೇಲೆತ್ತಿ, ಹಿಂದೆ ಹಿಂದೆ ಹೆಜ್ಜೆಯಿಟ್ಟಳು. ಐಸ್‌ಕ್ರೀಮ್ ಅಂಗಡಿ ದಾಟಿದ್ದು ಗೊತ್ತಾಗಲಿಲ್ಲ. ಬಾತುಕೋಳಿ ರೈಲಿನ ಹಳಿ ದಾಟಿದ್ದೂ ಗೊತ್ತಾಗಲಿಲ್ಲ. ಯಾರೋ ಮಣಿಕಟ್ಟು ಹಿಡಿದಾಗ ತಿರುಗಿ ನೋಡಿದಳು. ಪಾರ್ಕಿನ ನೀಲಿ ಅಂಗಿ ತೊಟ್ಟ ಹುಡುಗಿ, ಎದೆಯ ಮೇಲೆ ಪ್ರಜ್ಞಾ ಎಂಬ ಬಿಲ್ಲೆ.

“ಹಳದಿ ಪಟ್ಟಿ. ಪೋಷಕರೆಲ್ಲಿ?”

“ಮೇಲಿದಾಳೆ,” ಎಂದಳು ತೀರ್ಥಮ್ಮ ಆಕಾಶ ತೋರಿಸಿ.

ಪ್ರಜ್ಞಾಳ ಮುಖ ಮೃದುವಾಯಿತು. ಅವಳು ತೀರ್ಥಮ್ಮನನ್ನು ಕಳೆದುಹೋದ ಮಕ್ಕಳ ಡೇರೆಗೆ ಕರೆದೊಯ್ದು, ಅಳುತ್ತಿದ್ದ ಇಬ್ಬರು ಹುಡುಗರ ನಡುವೆ ಪುಟ್ಟ ಕುರ್ಚಿಯಲ್ಲಿ ಕೂರಿಸಿ, ಕೈಗೊಂದು ಬೆಲೂನು ಕೊಟ್ಟಳು. ಆಮೇಲೆ ಮೈಕು ಹಿಡಿದಳು.

“ಗಮನಿಸಿ! ತೀರ್ಥಮ್ಮ ಎಂಬ ಮಗು ಸಿಕ್ಕಿದೆ. ಹಸಿರು ಸೀರೆ, ಕನ್ನಡಕ. ಊರು ಪಂಚನಹಳ್ಳಿ. ಪೋಷಕರು ಬಂದು ಕರೆದುಕೊಂಡು ಹೋಗಬೇಕು.”

ಇಪ್ಪತ್ತು ಸ್ಪೀಕರುಗಳು ಇದನ್ನು ಮೂರು ಸಲ ಹೇಳಿದವು. ಅಂದೇ ಪಂಚನಹಳ್ಳಿಯ ಸ್ತ್ರೀಶಕ್ತಿ ಸಂಘದವರು ಎರಡು ಟೆಂಪೋ ಮಾಡಿಕೊಂಡು ಅದೇ ಪಾರ್ಕಿಗೆ ಬಂದಿದ್ದರು. ಶಾಂಭವಿ ಗೋಪುರದಿಂದ ಇಳಿದು ಓಡಿ ಬರುವ ಮೊದಲೇ ಡೇರೆಯ ಮುಂದೆ ಸಂಘದ ಸಭೆ ಸೇರಿತ್ತು. ಎಲ್ಲರ ಮುಂದೆ ಪಕ್ಕದ ಮನೆಯ ಕೆಂಚಮ್ಮ.

“ಅಯ್ಯೋ ನಮ್ ಕೂಸೇ!” ಕೆಂಚಮ್ಮ ಕೆನ್ನೆ ಹಿಂಡಿದಳು. “ಹಾಲು ಕುಡೀತಾ ಮಗಾ?”

“ಸುಮ್ನಿರು ಕೆಂಚಕ್ಕ!”

“ಸುಮ್ನಿರ್ದೆ ಏನು? ತಗಳ್ರೇ, ಒಬ್ಬೊಬ್ರೂ ಎತ್ಕಳ್ರೇ!”

ಹನ್ನೆರಡು ಹೆಂಗಸರು ನಕ್ಕರು. ಅಳುತ್ತಿದ್ದ ಹುಡುಗರೂ ಅಳು ನಿಲ್ಲಿಸಿ ನಕ್ಕರು. ತೀರ್ಥಮ್ಮ ಎದ್ದಳು. ಬೆಲೂನನ್ನು ಹುಡುಗನೊಬ್ಬನಿಗೆ ಕೊಟ್ಟು, ಚೀಲಕ್ಕೆ ಕೈ ಹಾಕಿ, ಸುರುಳಿ ಸುತ್ತಿದ್ದ ಅಳತೆ ಟೇಪು ತೆಗೆದು ಕೊರಳಿಗೆ ಹಾಕಿಕೊಂಡಳು. ಪಂಚನಹಳ್ಳಿಯ ಹೆಂಗಸರಿಗೆ ಆ ಟೇಪಿನ ಮರ್ಯಾದೆ ಗೊತ್ತು. ನಗು ನಿಂತಿತು.

“ನಡಿಯೇ ಶಾಂಭವಿ, ಆ ಕಂಬದ್ದೊಂದು ನೋಡೇ ಬಿಡಾಣ.”

ಅವಳು ತನ್ನನ್ನು ಅಳೆಯಲಿಲ್ಲ. ಬಾಗಿಲಿಗೆ ಬಂದವಳೇ ಕಂಬದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಂಬವನ್ನು ಅಳೆದಳು. ವರ್ಷವಿಡೀ ಸಾವಿರಾರು ಜನ ನಿಂತು ನಿಂತು ಅಲ್ಲಿನ ಮಣ್ಣು ಸವೆದು ಕುಳಿಯಾಗಿತ್ತು. ಕಂಬದ ಸೊನ್ನೆ ನೆಲ ಬಿಟ್ಟು ಮೇಲೆ ನಿಂತಿತ್ತು.

“ನೋಡಪ್ಪಾ, ಎಷ್ಟೈತೆ?”

ಗುರುಮೂರ್ತಿ ಬಗ್ಗಿ ನೋಡಿದ. “ಒಂದೂವರೆ ಇಂಚು.”

“ಅಂದ್ರೆ ಹತ್ರ ಹತ್ರ ನಾಲ್ಕು ಸೆಂಟಿಮೀಟ್ರು. ಒಂದು ವರ್ಷದಿಂದ ಊರೋರ್ನೆಲ್ಲ ಗುಂಡೀಲಿ ನಿಲ್ಸಿ ಅಳೀತಿದೀಯಾ. ಈಗ ಸಿಮೆಂಟ್ ನೆಲದ ಮೇಲೆ ನನ್ನ ಅಳತೆ ಹಿಡಿ.”

ಅವಳು ಮತ್ತೆ ಚಪ್ಪಲಿ ಬಿಟ್ಟು ನಿಂತಳು, ಅವನು ಟೇಪು ಹಿಡಿದ. ಐವತ್ತೈದೂವರೆ ಇಂಚು. ಟೇಪಿನ ಇನ್ನೊಂದು ಮಗ್ಗುಲಲ್ಲಿ ನೂರ ನಲವತ್ತೊಂದು.

ಸಂಘದ ಹೆಂಗಸರು ಚಪ್ಪಾಳೆ ತಟ್ಟಿದರು. ಗುರುಮೂರ್ತಿ ಅವಳ ಮುಖವನ್ನು ಮೊದಲ ಸಲ ನೋಡಿದ. ಹಳದಿ ಪಟ್ಟಿ ಕತ್ತರಿಸಿ, ಕೆಂಪು ಪಟ್ಟಿಯನ್ನು ಹಾರ ಹಾಕಿದಷ್ಟು ಗೌರವದಿಂದ ಸುತ್ತಿದ.

ಗೋಪುರದ ಬುಡಕ್ಕೆ ಅವಳನ್ನು ಮೆರವಣಿಗೆಯಲ್ಲೇ ತಂದರು. ಬಿಸಿಲು ಇಳಿಯುತ್ತಿತ್ತು. ಗುಡ್ಡಗಳ ಮೇಲೆ ಬೆಳಕು ಅರಿಶಿನ ಬಣ್ಣಕ್ಕೆ ತಿರುಗಿರಬೇಕು, ಮೇಲಿದ್ದವರ ಮುಖಗಳು ಹೊಳೆಯುತ್ತಿದ್ದವು. ತೀರ್ಥಮ್ಮ ಕನ್ನಡಕವನ್ನು ಸೆರಗಿನಿಂದ ಎರಡು ಸಲ ಒರೆಸಿಕೊಂಡಳು.

“ಬೆಳಿಗ್ಗೆ ಬಾಗಿಲ ಪುಸ್ತಕದಾಗೆ ಮಗು ಅಂತ ಬರ್ದೈತೆ,” ಎಂದ ದುಶ್ಯಂತ್. “ದೊಡ್ಡೋರು ಅಂತ ತಿದ್ದಕ್ಕೆ ಒಂದು ಗುರುತಿನ ಚೀಟಿ ಕೊಡಿ, ಹೋಗ್ಬಿಡಿ.”

ಅದೇನು ದೊಡ್ಡದು? ಬಸ್ಸಿನಲ್ಲಿ ಹೆಂಗಸರ ಉಚಿತ ಟಿಕೆಟ್ಟಿಗೆ ಬೇಕಾಗುವ ಆಧಾರ್ ಕಾರ್ಡು ಅವಳ ಪರ್ಸಿನಲ್ಲೇ ಇತ್ತು. ದುಶ್ಯಂತ್ ಅದನ್ನು ನೋಡಿದ. ಬೆರಳು ಮಡಿಚಿ ಲೆಕ್ಕ ಹಾಕಿದ. ಮತ್ತೆ ನೋಡಿದ.

“ಅಮ್ಮಾ, ಅರವತ್ತೆರಡಾಗೈತೆ ನಿಮ್ಗೆ. ಅರವತ್ತು ದಾಟಿದೋರ್ನ ಕೂರ್ಸಂಗಿಲ್ಲ.”

“ಯಾರಿಗೋ ಅರವತ್ತೆರಡು? ಐವತ್ತೈದು ನಂಗೆ!”

“ಕಾರ್ಡ್ ಹೇಳ್ತೈತೆ.”

ಕಾರ್ಡು ಹೇಳುತ್ತಿದ್ದದ್ದು ಕೆಂಚಮ್ಮನ ಮಾತನ್ನು. ಊರ ಶಾಲೆಯ ಜಗಲಿಯಲ್ಲಿ ಆಧಾರ್ ಬರೆಸಿದ ದಿನ ಇಬ್ಬರ ಬಳಿಯೂ ಹುಟ್ಟಿದ ತಾರೀಕಿಗೆ ಕಾಗದವಿರಲಿಲ್ಲ. ತೀರ್ಥಮ್ಮ ಬಾಯಿ ಬಿಡುವ ಮೊದಲೇ ಕೆಂಚಮ್ಮ, “ಕೆರೆ ಕೋಡಿ ಬಿದ್ದಾಗ ನಾನಿನ್ನೂ ಹುಟ್ಟಿರ್ಲಿಲ್ಲ ಸಾರ್, ಇವ್ಳು ಆಗ್ಲೇ ಓಡಾಡ್ತಿದ್ಲು” ಎಂದುಬಿಟ್ಟಿದ್ದಳು. ನಿಜ ನೋಡಿದರೆ ಓಡಾಡುತ್ತಿದ್ದವಳು ಕೆಂಚಮ್ಮ, ಹುಟ್ಟದಿದ್ದವಳು ತೀರ್ಥಮ್ಮ. ಇಬ್ಬರ ವಯಸ್ಸೂ ಅದಲುಬದಲಾಗಿ ಕಾರ್ಡಿಗೆ ಹೋಯಿತು. ಬಸ್ಸು ಹತ್ತಲು ಮುಖ ಹೊಂದಿದರೆ ಸಾಕಲ್ಲ ಎಂದು ಅವಳೂ ತಿದ್ದಿಸಿರಲಿಲ್ಲ.

“ಕೆಂಚಕ್ಕ, ನಿಜ ಹೇಳೇ ಇವ್ರಿಗೆ!”

ಕೆಂಚಮ್ಮ ಸುತ್ತ ನಿಂತ ಸಂಘದವರನ್ನು ನೋಡಿದಳು. ಬಿಳಿ ಕೂದಲ ಮೇಲೆ ಸೆರಗೆಳೆದುಕೊಂಡಳು. “ಸರ್ಕಾರದ ಕಾರ್ಡ್ ಸುಳ್ ಹೇಳ್ತದೇನೇ?”

ದುಶ್ಯಂತನಿಗೆ ಆ ಸೆರಗಿನ ಮೇಲೆ ಅನುಮಾನ ಬಂತು. “ನಿಮ್ದೂ ತೋರ್ಸಿ.” ತೋರಿಸಿದಳು. “ಐವತ್ತೈದು. ಹತ್ತಿ, ಬೇಗ ಹತ್ತಿ, ಒಂದೇ ಸೀಟು ಖಾಲಿ ಐತೆ.”

“ನಾನ್ ಬಂದಿದ್ದು ನೋಡಕ್ಕಪ್ಪ...” ಎನ್ನುವಷ್ಟರಲ್ಲಿ ಹಿಂದಿನವರು ನೂಕಿದರು. ಬೆಲ್ಟು ಬಿತ್ತು.

ತೀರ್ಥಮ್ಮ ಕೆಂಚಮ್ಮನ ಚಪ್ಪಲಿ, ಚೀಲ ಕಾಯುತ್ತ ಕೆಳಗೆ ನಿಂತಳು. ಶಾಂಭವಿ ಮೂರನೆಯ ಸಲ ಹೋಗಲಿಲ್ಲ; ಅತ್ತೆಯ ಕೈ ಹಿಡಿದು ಪಕ್ಕದಲ್ಲೇ ನಿಂತಳು. ಇಬ್ಬರೂ ಕತ್ತೆತ್ತಿ ನೋಡಿದರು. ಡಾಬು ಗರಿಗಳನ್ನು ದಾಟಿತು, ಬಿಸಿಲಿಗೆ ಹೊಕ್ಕಿತು, ತುದಿಯಲ್ಲಿ ನಿಧಾನಕ್ಕೆ ಒಂದು ಸುತ್ತು ತಿರುಗಿತು. ಮತ್ತೆ ಆ ಮೌನ.

ಕೆಳಗಿಳಿದ ಕೆಂಚಮ್ಮನನ್ನು ಇಬ್ಬರು ಹಿಡಿದು ತರಬೇಕಾಯಿತು.

ತೀರ್ಥಮ್ಮ ಕೋಪ ಮರೆತು ಹತ್ತಿರ ಓಡಿದಳು. “ಏನ್ ಕಾಣ್ತು ಕೆಂಚಕ್ಕ? ಗುಡ್ಡ ಕಾಣ್ತಾ? ಮೋಡ ಕೆಳಗಿತ್ತಾ?”

“ಏನ್ ಕಾಣ್ತದೆ, ಕಣ್ಣು ಬಿಟ್ಟಿದ್ರಲ್ವೇನೇ!” ಕೆಂಚಮ್ಮ ನೆಲದ ಮೇಲೆ ಕುಸಿದು, ಇಡೀ ಸಂಘಕ್ಕೆ ಕೇಳುವ ಹಾಗೆ ದುಶ್ಯಂತನ ಮೇಲೆ ಹರಿಹಾಯ್ದಳು. “ಲೇ, ಬುದ್ಧಿ ಐತೇನೋ ನಿಂಗೆ? ಅರವತ್ತೆರಡಾದ ಮುದುಕೀನ ಎತ್ಕಂಡೋಗಿ ಅಷ್ಟೆತ್ತರದಾಗೆ ನೇತಾಕ್ತೀಯಲ್ಲೋ!”